ಆರನೆಯ ಗೆರೆ

ಐದನ್ನು ಐದು ಅಂದದ್ದಕ್ಕೆ ವನಿತಾಳ ಆರು ವರ್ಷದ ದುಡಿಮೆ ಕಸದ ಬುಟ್ಟಿಯ ಅಂಚಿಗೆ ಬಂದು ನಿಂತಿತ್ತು.

ತಂದು ನಿಲ್ಲಿಸಿದವರು ಬೇರೆ ಯಾರೂ ಅಲ್ಲ, ಅವಳ ಗೈಡ್ ಪ್ರೊಫೆಸರ್ ರಘುನಾಥ್. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ತಮ್ಮ ಕೋಣೆಯಲ್ಲಿ ಕಾಫಿ ಹೀರುತ್ತಾ, ಅವಳ ಥೀಸಿಸ್ಸಿನ ನಾಲ್ಕನೆಯ ಅಧ್ಯಾಯವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ಹೇಳಿದರು:

"ನೋಡಮ್ಮ, ನನ್ನ ಪೇಪರ್‌ನಲ್ಲಿ ಆರು ಗೆರೆ ಇದೆ. ನಿನ್ನ ಥೀಸಿಸ್‌ನಲ್ಲಿ ಐದು. ಜಗತ್ತೆಲ್ಲ ಆರು ಅಂತ ಒಪ್ಕೊಂಡು ಐದು ವರ್ಷ ಆಯ್ತು. ನಿಂಗೆ ಅಲೈನ್‌ಮೆಂಟ್ ಮಾಡಕ್ಕೆ, ಬೆಳಕು ನೇರ ಬಿಡಕ್ಕೆ ಬರಲ್ಲ, ಅಷ್ಟೇ. ಇಲ್ಲಾ ಅಂದ್ರೆ ಆ ಅಟೆಂಡರ್ ಗಂಗಪ್ಪ ಬೆಳೆಸಿರೋ ಹರಳು ಸರಿ ಇಲ್ಲ. ಆರನೇದು ತಗೊಂಡ್ ಬಾ, ಸೈನ್ ಹಾಕ್ತೀನಿ."

ಅಧ್ಯಾಯ ಮೇಜಿನ ಮೇಲೆ ಬಿತ್ತು. ಮಾತು ಮುಗಿಯಿತು ಎಂದು ಅದರ ಅರ್ಥ.

ವನಿತಾ ಶೆಟ್ಟಿಹಳ್ಳಿಯವಳು. ದಿನಾ ಎರಡು ಬಸ್ಸು ಬದಲಿಸಿ, ಹೆಬ್ಬಾಳದ ಫ್ಲೈಓವರಿನ ಕೆಳಗೆ ಅರ್ಧ ಗಂಟೆ ಹೊಗೆ ಕುಡಿದು, ಯಲಹಂಕದ ಕಡೆಗಿರುವ ಈ ಸಂಸ್ಥೆಗೆ ಬಂದು ಹೋಗುತ್ತಾಳೆ. ಅವಳ ಅಮ್ಮ ಮುನಿನಾರಾಯಣಮ್ಮ ಕೇಳಿದವರಿಗೆಲ್ಲ "ನಮ್ ಉಡ್ಗಿ ಕಲ್ಲಿಗೆ ಬೆಳಕು ಬಿಟ್ಟು ಓದ್ತಾಳೆ" ಎನ್ನುತ್ತಾರೆ. ಸಂಸ್ಥೆಯ ಕರಪತ್ರದಲ್ಲಿ ಎರಡು ಪುಟ ಬರೆದದ್ದಕ್ಕಿಂತ ಈ ವಿವರಣೆಯೇ ವಾಸಿ. ಹರಳಿಗೆ ಲೇಸರ್ ಬೆಳಕು ಬಿಡುತ್ತಾರೆ. ಒಳಗೆ ಪರಮಾಣುಗಳು ಸುಮ್ಮನಿರುವುದಿಲ್ಲ, ಅಲ್ಲಾಡುತ್ತಲೇ ಇರುತ್ತವೆ. ಆ ಅಲುಗಾಟಕ್ಕೆ ಸಿಕ್ಕಿ ಒಂದಷ್ಟು ಬೆಳಕು ಬಣ್ಣ ಬದಲಿಸಿಕೊಂಡು ವಾಪಸು ಬರುತ್ತದೆ. ಒಂದೊಂದು ಅಲುಗಾಟಕ್ಕೂ ಪರದೆಯ ಮೇಲೆ ಒಂದೊಂದು ಗೆರೆ ಏಳುತ್ತದೆ.

ಎಷ್ಟು ಗೆರೆ ಏಳಬೇಕು ಎಂಬುದು ಯಾರ ಮರ್ಜಿಗೂ ಬಿಟ್ಟದ್ದಲ್ಲ. ಈ ಹರಳು ಸುಣ್ಣಗಲ್ಲಿನ ಜಾತಿಯದು, ನೀರಿನಷ್ಟು ತಿಳಿ. ಅದರೊಳಗೆ ಮತ್ತೆ ಮತ್ತೆ ಮರುಕಳಿಸುವ ಒಂದು ಗೂಡಿನಲ್ಲಿ ಹತ್ತು ಪರಮಾಣು. ಒಂದೊಂದೂ ಮೂರು ದಿಕ್ಕಿಗೆ ಅಲ್ಲಾಡಬಹುದು, ಒಟ್ಟು ಮೂವತ್ತು. ನೀವು ಕಣ್ಣು ಮುಚ್ಚಿಕೊಂಡಿರುವಾಗ ಯಾರೋ ಈ ಹರಳನ್ನು ತಿರುಗಿಸಿಯೋ ಮಗುಚಿಯೋ ಇಟ್ಟರೆನ್ನಿ, ಕಣ್ಣು ಬಿಟ್ಟಾಗ ಏನೂ ಆಗಿಲ್ಲವೆಂಬಂತೆ ಕಾಣುವ ಹನ್ನೆರಡು ವಿಧಗಳಿವೆ. ಆ ಹನ್ನೆರಡನ್ನು ಒಂದು ಗುಂಪೆಂದು ಹಿಡಿದು ಮೂವತ್ತು ಅಲುಗಾಟಗಳನ್ನು ಜಾತಿವಾರು ಬಿಡಿಸುವ ವಿದ್ಯೆಯೇ ಗ್ರೂಪ್ ಥಿಯರಿ. ಅದಕ್ಕೆ ಯಂತ್ರ ಬೇಡ, ಗೈಡ್ ಬೇಡ. ಕ್ಯಾರೆಕ್ಟರ್ ಟೇಬಲ್ ಎಂಬ ಅಂಗೈಯಗಲದ ಕೋಷ್ಟಕ, ಒಂದು ಪೆನ್ಸಿಲ್ಲು, ಒಂದು ಮಧ್ಯಾಹ್ನ ಇದ್ದರಾಯಿತು. ವನಿತಾ ಅದನ್ನು ಹದಿನೇಳು ಸಲ ಮಾಡಿದ್ದಳು. ಹದಿನೇಳು ಸಲವೂ ಅದೇ ಉತ್ತರ: ಲೇಸರ್ ಬೆಳಕಿಗೆ ಐದು ಗೆರೆ ಕಾಣಬೇಕು. ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿಗೆ ಬೇರೆ ಎಂಟು. ಇನ್ನೈದು ಮೌನಿಗಳು. ಅವೂ ಅಲ್ಲಾಡುತ್ತವೆ, ಆದರೆ ಯಾವ ಬೆಳಕಿಗೂ ತಮ್ಮ ಸುಳಿವು ಕೊಡುವುದಿಲ್ಲ. ಮೂವತ್ತರಲ್ಲಿ ಮಿಕ್ಕವು ಇವುಗಳದೇ ಜೋಡಿಗಳು, ಇಲ್ಲವೇ ಇಡೀ ಹರಳು ಒಟ್ಟಿಗೆ ಸರಿಯುವ ಚಲನೆ.

ಐದು ವರ್ಷದ ಹಿಂದೆ ಪ್ರೊಫೆಸರ್ ರಘುನಾಥ್ ಆರನೆಯ ಗೆರೆ ಕಂಡರು. ಮೌನಿಯೊಂದು ಬಾಯಿಬಿಟ್ಟಿದೆ, ಹಾಗಾದರೆ ಆ ಹನ್ನೆರಡು ವಿಧದ ಸಮಮಿತಿ ಹರಳಿನೊಳಗೇ ಮುರಿದಿದೆ, ಹಾಗಾದರೆ ಈ ಹರಳು ಕಾಣದ ಬೆಳಕನ್ನು ನುಂಗಿ ಹಸಿರು ಬೆಳಕನ್ನು ಉಗುಳಬಲ್ಲದು ಎಂದು ಬರೆದರು. ಹರಳು ಇವತ್ತಿನವರೆಗೂ ಯಾರ ಮುಂದೆಯೂ ಹಸಿರು ಉಗುಳಿ ತೋರಿಸಿಲ್ಲ, ಆ ಮಾತು ಬೇರೆ. ಶಾಲು ಬಂತು, ಹಾರ ಬಂತು, ಪ್ರಶಸ್ತಿ ಬಂತು. ಆ ಪೇಪರ್‌ನ ಐವರು ಲೇಖಕರಲ್ಲಿ ನಾಲ್ಕನೆಯ ಹೆಸರು ವನಿತಾಳದೇ. ಆಗ ಸೇರಿ ವರ್ಷ ಆಗಿತ್ತಷ್ಟೇ. ಕೊಟ್ಟ ಅಂಕಿಗಳಿಗೆ ಚಂದದ ಗ್ರಾಫ್ ಬರೆದುಕೊಟ್ಟಿದ್ದಳು. ಆರನೆಯ ಗೆರೆಗೆ ಕೆಂಪು ಬಾಣದ ಗುರುತು ಹಾಕಿದ್ದು ಅವಳ ಕೈಯೇ. ಅದನ್ನು ನೆನೆದಾಗೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

"ಸಾರ್, ಸಮಮಿತಿ ಮುರಿದ್ರೆ ಒಂದೇ ಗೆರೆ ಜಾಸ್ತಿ ಆಗಲ್ಲ," ಎಂದು ಕಳೆದ ವರ್ಷ ಗುಂಪಿನ ಸಭೆಯಲ್ಲಿ ಅವಳು ಬೋರ್ಡಿನ ಮೇಲೆ ಬರೆದು ತೋರಿಸಿದ್ದಳು. "ಒಂದು ಥರ ಮುರಿದ್ರೆ ಎಂಟು, ಇನ್ನೊಂದು ಥರ ಮುರಿದ್ರೆ ಹನ್ನೆರಡು, ಇಲ್ಲಾ ಹದಿಮೂರು. ಎಂಟಕ್ಕಿಂತ ಕಮ್ಮಿ ಬರಕ್ಕೆ ದಾರೀನೇ ಇಲ್ಲ. ಆರು ಅನ್ನೋ ನಂಬರ್ ಈ ಹರಳಿನ ಯಾವ ಲೆಕ್ಕದಲ್ಲೂ ಇಲ್ಲ ಸಾರ್."

"ಥಿಯರಿ ಬುಕ್ಕಲ್ಲಿರತ್ತೆ ಕಣಮ್ಮ," ಎಂದಿದ್ದರು ರಘುನಾಥ್. "ಹರಳು ಬುಕ್ ಓದಿಲ್ಲ."

ಎಲ್ಲರೂ ನಕ್ಕಿದ್ದರು. ಅವಳ ಪಕ್ಕದಲ್ಲಿ ಕೂತು ಅದೇ ಕೋಷ್ಟಕವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದವರೂ ನಕ್ಕಿದ್ದರು. ಬುದ್ಧಿ ಇದ್ದೂ ನಗುವವರ ನಗುವಿನಷ್ಟು ಹೇಸಿಗೆ ಇನ್ನೊಂದಿಲ್ಲ.

ಸೋಮವಾರದ ಆ ಮಾತಾದ ಮೇಲೆ ವನಿತಾ ಅಳಲಿಲ್ಲ. ಎರಡನೆಯ ಮಹಡಿಯ ಹೊಸ ಯಂತ್ರದಲ್ಲಿ ತನಗೆ ಸದಾ ಐದೇ ಬರುತ್ತದೆ. ಹಾಗಾದರೆ ಪೇಪರ್‌ಗೆ ಅಳತೆ ತೆಗೆದ ನೆಲಮಹಡಿಯ ಹಳೆಯ ಯಂತ್ರದಲ್ಲೇ ನೋಡಿಬಿಡೋಣ ಎಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಬಂದಳು. ಹರಳು ಕೊಟ್ಟವರು ಮುನಿಗಂಗಪ್ಪ.

ಮುನಿಗಂಗಪ್ಪನವರು ಹಾಜರಿ ಪುಸ್ತಕದಲ್ಲಿ ಅಟೆಂಡರ್. ಯಲಹಂಕ ಹಳೇ ಊರಿನವರು, ಇಪ್ಪತ್ತೆರಡು ವರ್ಷದಿಂದ ಕಾಂಟ್ರಾಕ್ಟ್ ಮೇಲೇ ಇದ್ದಾರೆ. ಕಾಗದದಲ್ಲಿ ಏನೇ ಇರಲಿ, ಈ ಲ್ಯಾಬಿನ ಒಂದೊಂದು ಹರಳನ್ನೂ ಬೆಳೆಸಿದ್ದು ಅವರ ಕೈ. ದ್ರಾವಣವನ್ನು ಎಷ್ಟು ಬೆಚ್ಚಗಿಡಬೇಕು, ಯಾವಾಗ ತಣಿಯಲು ಬಿಡಬೇಕು, ಯಾವ ಮೊಳಕೆ ನೇರ ಬೆಳೆಯುತ್ತದೆ, ಯಾವುದು ಸೊಟ್ಟಗಾಗುತ್ತದೆ ಎಂಬುದೆಲ್ಲ ಅವರಿಗೆ ಬೆರಳ ತುದಿಯಲ್ಲಿ ಗೊತ್ತು. ಬೇರೆಯವರ ಹರಳು ಅಕ್ಕಿಕಾಳಿನಷ್ಟಾದರೆ ಇವರದು ಹೆಬ್ಬೆರಳಿನಷ್ಟು. ಅಷ್ಟು ದೊಡ್ಡದನ್ನು ಇಟ್ಟರೆ ಹಳೆಯ ಯಂತ್ರದ ಮುಚ್ಚಳ ಮುಚ್ಚುತ್ತಿರಲಿಲ್ಲ. ತೆರೆದೇ ಅಳೆಯುತ್ತಿದ್ದರು. ಆ ಲ್ಯಾಬಿನಿಂದ ಇಲ್ಲಿಯವರೆಗೆ ನಲವತ್ತೊಂದು ಪೇಪರ್ ಹೊರಬಿದ್ದಿವೆ. ಮುನಿಗಂಗಪ್ಪ ಎಂಬ ಹೆಸರು ಒಂದರಲ್ಲೂ ಇಲ್ಲ, ಕೊನೆಯ ಪುಟದ ಸಣ್ಣಕ್ಷರದ ಕೃತಜ್ಞತೆಯಲ್ಲೂ ಇಲ್ಲ.

ಹಳೆಯ ಯಂತ್ರದ ಕೋಣೆಗೆ ಅದರದೇ ಮಡಿ. ಚಪ್ಪಲಿ ಹೊರಗೆ ಬಿಡಬೇಕು. ಧೂಳಿಗಾಗಿಯೋ ದೇವರಿಗಾಗಿಯೋ ಯಾರೂ ಕೇಳಿದವರಿಲ್ಲ. ಯಂತ್ರದ ನೆತ್ತಿಯ ಮೇಲೆ, ಗೋಡೆಯಲ್ಲಿ, ಗಣಪತಿಯ ಪಟ. ಲೇಸರ್ ಪೆಟ್ಟಿಗೆಗೆ ಆಯುಧಪೂಜೆಯ ಕುಂಕುಮ. ಅಳತೆಗೆ ಮುಂಚೆ ಕೋಣೆಯ ಲೈಟುಗಳನ್ನೆಲ್ಲ ಆರಿಸಬೇಕು ಎಂದು ಬಾಗಿಲಿಗೇ ಚೀಟಿ ಅಂಟಿಸಿತ್ತು. ವನಿತಾ ಆರಿಸಿದಳು. ಹರಳಿಟ್ಟಳು. ಬೆಳಕು ಬಿಟ್ಟಳು.

ಪರದೆಯ ಮೇಲೆ ಆರು ಗೆರೆ ಎದ್ದವು.

ಇಷ್ಟು ದಿನ ತಾನೇ ತಪ್ಪೇ? ಹದಿನೇಳು ಸಲವೂ ತಪ್ಪೇ? ವನಿತಾ ಹರಳನ್ನು ಮೆಲ್ಲಗೆ ತಿರುಗಿಸತೊಡಗಿದಳು. ಹರಳಿನೊಳಗಿಂದ ಬಂದ ಗೆರೆಯಾದರೆ ಹರಳು ತಿರುಗಿದಂತೆ ಏರಲೋ ಇಳಿಯಲೋ ಬೇಕು, ಅದನ್ನೂ ಆ ಕೋಷ್ಟಕವೇ ಹೇಳುತ್ತದೆ. ಐದು ಗೆರೆಗಳು ಹೇಳಿದ ಹಾಗೆ ಏರಿದವು, ಇಳಿದವು. ಆರನೆಯದು ಅಲ್ಲಾಡಲಿಲ್ಲ. ಎಷ್ಟು ತಿರುಗಿಸಿದರೂ ಅಷ್ಟೇ ಎತ್ತರ.

ವನಿತಾ ಹರಳನ್ನೇ ಎತ್ತಿ ಪಕ್ಕಕ್ಕಿಟ್ಟಳು. ಐದು ಗೆರೆ ಮಾಯ. ಆರನೆಯದು ಇದ್ದಲ್ಲೇ ಇತ್ತು. ಲೇಸರ್ ಬೆಳಕಿಗೂ ತಡೆ ಹಾಕಿದಳು. ಆಗಲೂ ಇತ್ತು. ಹರಳಿಲ್ಲ, ಲೇಸರ್ ಇಲ್ಲ, ಪ್ರಶಸ್ತಿ ತಂದ ಗೆರೆ ಮಾತ್ರ ಜಮೀನ್ದಾರನ ಹಾಗೆ ಕೂತಿತ್ತು.

ಅಷ್ಟರಲ್ಲಿ ಮುನಿಗಂಗಪ್ಪ ಒಂದು ಮೊಳ ಸೇವಂತಿಗೆ ಹಿಡಿದು ಒಳಗೆ ಬಂದರು, ದಿನದ ಹಾಗೆ ಪಟಕ್ಕೆ ಹೂ ಏರಿಸಲು. ಅವರ ಕೈ ಮೇಲೆ ಹೋದದ್ದನ್ನು ನೋಡುತ್ತಾ ವನಿತಾ ಕತ್ತೆತ್ತಿದಳು. ಪಟದ ಮೇಲೆ ಒಂದಡಿಯ ಪುಟ್ಟ ಟ್ಯೂಬ್‌ಲೈಟು ಉರಿಯುತ್ತಿತ್ತು.

ಹನ್ನೆರಡು ವರ್ಷದಿಂದ ಹಗಲೂ ರಾತ್ರಿ ಉರಿಯುತ್ತಲೇ ಇದ್ದ ದೀಪ. ಕೋಣೆ ಕತ್ತಲೆ ಎಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು, ಅವಳೂ ಈಗ ತಾನೇ ಬರೆದುಕೊಂಡಿದ್ದಳು. ದೇವರ ದೀಪವನ್ನು ಯಾರೂ ಬೆಳಕಿನ ಲೆಕ್ಕಕ್ಕೆ ಸೇರಿಸಿರಲಿಲ್ಲ. ಟ್ಯೂಬಿನೊಳಗೆ ಪಾದರಸ ಇರುತ್ತದೆ, ಅದರ ಬೆಳಕಿನಲ್ಲಿ ಒಂದು ಚೂಪಾದ ಹಸಿರು ಇರುತ್ತದೆ. ವನಿತಾ ಅಂಗೈ ಮೇಲೇ ಲೆಕ್ಕ ಹಾಕಿದಳು. ಲ್ಯಾಬಿನ ಹಸಿರು ಲೇಸರಿನಿಂದ ಅಳೆದರೆ ಅದು ಪರದೆಯ ಅಳತೆಪಟ್ಟಿಯಲ್ಲಿ ಬೀಳಬೇಕಾದ್ದು ನಾನೂರ ಎಂಬತ್ತನಾಲ್ಕರಲ್ಲಿ. ಪೇಪರ್‌ನಲ್ಲಿ ಕೆಂಪು ಬಾಣ ನಿಂತಿದ್ದೂ ನಾನೂರ ಎಂಬತ್ತನಾಲ್ಕರಲ್ಲೇ.

"ಗಂಗಣ್ಣ," ಎಂದಳು. "ಆ ದೀಪ ಒಂದ್ ನಿಮಿಷ ಆರಿಸ್ಬೋದಾ? ತಪ್ಪು ತಿಳ್ಕೋಬೇಡಿ."

ಮುನಿಗಂಗಪ್ಪ ತಿರುಗಿ ನೋಡಿದರು. "ತಪ್ಪೇನು ಬಂತಮ್ಮಣ್ಣಿ? ದೇವ್ರಿಗೆ ಕತ್ಲು ಒಸ್ದಾ? ಗರ್ಭಗುಡೀಲಿ ಇರೋದು ಇನ್ನೇನು?" ಎಂದು ಸ್ವಿಚ್ಚನ್ನು ಪಟ್ಟನೆ ಒತ್ತಿದರು.

ಪರದೆಯ ಮೇಲೆ ಆರನೆಯ ಗೆರೆ ಸತ್ತುಹೋಯಿತು.

ಐದು ವರ್ಷ, ಒಂದು ಪ್ರಶಸ್ತಿ, ಅವಳ ಮೇಲೆ ಬಿದ್ದ ನಗು, ಈ ಮನುಷ್ಯನ ಹರಳಿನ ಮೇಲೆ ಹೊರಿಸಿದ ದೋಷ, ಎಲ್ಲ ಒಂದು ಸ್ವಿಚ್ಚಿನಷ್ಟು! ವನಿತಾಳಿಗೆ ನಗು ಬರಲಿಲ್ಲ. ಇಷ್ಟು ಜನ ಡಾಕ್ಟರುಗಳಲ್ಲಿ ಒಬ್ಬರಿಗಾದರೂ ಒಂದು ಸಲ, ಒಂದೇ ಒಂದು ಸಲ, ಹರಳು ತೆಗೆದು ನೋಡೋಣ ಅನ್ನಿಸಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆ ಡಾಕ್ಟರುಗಳ ಸಾಲಿನ ತುದಿಯಲ್ಲಿ ತಾನೂ ಇದ್ದೆನಲ್ಲ ಎಂದು ಇನ್ನಷ್ಟು ಉರಿಯಿತು.

ಹತ್ತು ಗಂಟೆಗೆ ಅವಳು ಗ್ರಾಫುಗಳನ್ನು ಸಾಲಾಗಿ ಜೋಡಿಸಿ ರಘುನಾಥರ ಮುಂದಿಟ್ಟಳು. ಹರಳಿದ್ದಾಗ, ಇಲ್ಲದಿದ್ದಾಗ, ದೀಪ ಉರಿದಾಗ, ಆರಿದಾಗ. ಅವರು ಒಂದೊಂದನ್ನೂ ಎತ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ, ಒಪ್ಪಬೇಕಾದ್ದು, "ಕರೆಕ್ಟ್ ಇದೆ" ಎಂದರು. "ತಿದ್ದುಪಡಿ ಕಳಿಸೋಣ. ಬೇರೆಯವರು ಹಿಡಿಯೋಕೆ ಮುಂಚೆ ನಾವೇ ಹೇಳಿದ್ರೆ ಮರ್ಯಾದೆ. ಗುಡ್ ವರ್ಕ್. ನಿನ್ನ ಥೀಸಿಸ್ ನೋಡೋಣ."

ವನಿತಾ ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ಮನುಷ್ಯ ಕೆಟ್ಟವರಲ್ಲ ಎಂದುಕೊಂಡಳು. ಅಷ್ಟು ಬೇಗ ಅಂದುಕೊಳ್ಳಬಾರದಿತ್ತು.

ಮಧ್ಯಾಹ್ನ ಮೂರಕ್ಕೆ ಮುನಿಗಂಗಪ್ಪ ಕಾರಿಡಾರಿನ ಪ್ರಿಂಟರಿನಿಂದ ಎರಡು ಹಾಳೆ ಹಿಡಿದು ಹೆಚ್ಚುಕಡಿಮೆ ಓಡುತ್ತಾ ಅವಳ ಮೇಜಿಗೆ ಬಂದರು. ತಿದ್ದುಪಡಿಯ ಪತ್ರ. ಐವರೂ ಲೇಖಕರು ಸಹಿ ಹಾಕಿದರೇ ಪತ್ರಿಕೆ ಅದನ್ನು ಅಚ್ಚು ಮಾಡುವುದು, ಅದಕ್ಕೇ ಅವಳಿಗೆ ಕಳಿಸಿದ್ದರು. ಮುನಿಗಂಗಪ್ಪನವರಿಗೆ ಇಂಗ್ಲಿಷ್ ಓದಲು ಬಾರದು, ಆದರೆ ತಮ್ಮ ಹೆಸರಿನ ಅಕ್ಷರ ಗೊತ್ತು. ಎರಡನೆಯ ಪ್ಯಾರಾದ ಮೇಲೆ ಬೆರಳಿಟ್ಟಿದ್ದರು.

"ಅಮ್ಮಣ್ಣಿ, ಇಲ್ನೋಡಿ, ನನ್ನೆಸ್ರೈತೆ! ಇಪ್ಪತ್ತೆರಡು ವರ್ಸಕ್ಕೆ ಬಂತು ನೋಡಿ. ಏನಂತ ಬರ್ದವ್ರೆ? ಒಂದು ಜೆರಾಕ್ಸ್ ಕೊಡಿ, ಸೊಸೆಗೆ ತೋರಿಸ್ಬೇಕು."

ಅವರ ಮುಖದಲ್ಲಿ ಅಷ್ಟು ಬೆಳಕನ್ನು ವನಿತಾ ಎಂದೂ ಕಂಡಿರಲಿಲ್ಲ. ಅವಳು ಓದಿದಳು. 'ಪ್ರಯೋಗಾಲಯದ ಅಟೆಂಡರ್ ಮುನಿಗಂಗಪ್ಪ ಎಂಬವರು ಲೇಖಕರ ಗಮನಕ್ಕೆ ತಾರದೆ, ಅನುಮತಿಯಿಲ್ಲದೆ ಅಳವಡಿಸಿದ್ದ ದೀಪದಿಂದ ಈ ದೋಷ ಉಂಟಾಗಿದೆ' ಎಂದಿತ್ತು.

ನಲವತ್ತೊಂದು ಪೇಪರ್‌ನಲ್ಲಿ ಹಿಡಿಸದ ಹೆಸರು ಈಗ ಹಿಡಿಸಿತು! ಕೀರ್ತಿಗೆ ಬೇಡವಾಗಿದ್ದ ಹೆಸರು ಕಳಂಕಕ್ಕೆ ಬೇಕಾಯಿತು!

"ಒಂದ್ ನಿಮಿಷ ಇರಿ ಗಂಗಣ್ಣ," ಎಂದು ಹಾಳೆ ಹಿಡಿದು ನೇರ ರಘುನಾಥರ ಕೋಣೆಗೆ ನುಗ್ಗಿದಳು. ಬಾಗಿಲು ತಟ್ಟಲಿಲ್ಲ.

"ಸಾರ್, ಈ ವಾಕ್ಯ ಸುಳ್ಳು."

"ಯಾವ್ದು?" ಅವರು ಹಾಳೆ ನೋಡಿದರು, ಅವಳನ್ನು ನೋಡಲಿಲ್ಲ. "ಓ, ಅದಾ. ಏನಾದ್ರೂ ಒಂದು ಕಾರಣ ಕೊಡ್ಬೇಕಲ್ಲಮ್ಮ. ದೀಪ ನೋಡ್ಕೊಳ್ತಿದ್ದಿದ್ದು ಅವನೇ ತಾನೆ? ಅವನಿಗೇನು ನಷ್ಟ, ಅವನೇನು ಜರ್ನಲ್ ಓದ್ತಾನಾ? ಸೈನ್ ಹಾಕು, ನಾಳೆ ನಿನ್ನ ಥೀಸಿಸ್ ಕಳಿಸ್ತೀನಿ."

"ದೀಪ ಇದ್ದಿದ್ದು ಎಲ್ಲರ ಕಣ್ಣೆದುರಿಗೆ ಸಾರ್. ಹರಳು ತೆಗೆದು ನೋಡದೇ ಇದ್ದಿದ್ದು ನಾವು. ನಾವು ಅಂತ ಬರೀರಿ. ನನ್ನ ಹೆಸರೂ ಸೇರಿಸಿ ಬರೀರಿ."

"ವನಿತಾ," ಎಂದರು ರಘುನಾಥ್, ಈಗ ಅಮ್ಮ ಗಿಮ್ಮ ಇರಲಿಲ್ಲ, "ಎರಡೂ ಸೈನ್ ಒಟ್ಟಿಗೆ. ನೀನು ಇದಕ್ಕೆ, ನಾನು ಅದಕ್ಕೆ. ಯೋಚ್ನೆ ಮಾಡು."

ಅದು ಅಷ್ಟು ಸಲೀಸಾಗಿತ್ತು. ಒಂದು ಸಹಿ ಹಾಕಿದರೆ ಡಾಕ್ಟರ್ ವನಿತಾ. ಇಲ್ಲದಿದ್ದರೆ ಶೆಟ್ಟಿಹಳ್ಳಿಯ ಬಸ್ಸು, ಆರು ವರ್ಷ ನೀರುಪಾಲು, ಅಮ್ಮನಿಗೆ ಏನು ಹೇಳುವುದೋ ತಿಳಿಯದು. ಅವಳು ಸಹಿ ಹಾಕದೆ ಹೊರಗೆ ಬಂದಳು.

ಮುನಿಗಂಗಪ್ಪ ಅಲ್ಲೇ ಕಾಯುತ್ತಿದ್ದರು. "ಏನಂತ ಬರ್ದವ್ರಮ್ಮಣ್ಣಿ?"

ಸುಳ್ಳು ಹೇಳಿಬಿಡಬಹುದಿತ್ತು. ಜೆರಾಕ್ಸ್ ಮಾಡಿ ಕೊಟ್ಟಿದ್ದರೆ ಅವರ ಮನೆಯ ಗೋಡೆಗೆ ಅದು ಫ್ರೇಮ್ ಆಗಿ ಏರುತ್ತಿತ್ತು. ವನಿತಾ ಒಂದೊಂದೇ ಮಾತಾಗಿ, ತಿಳಿಯಾದ ಕನ್ನಡದಲ್ಲಿ, ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದಳು.

ಮುನಿಗಂಗಪ್ಪ ಕೇಳಿದರು. ಮುಖದ ಬೆಳಕು ಇಳಿದುಹೋಯಿತು. "ನನ್ನೆಸ್ರು ಇದಕ್ಕೆ ಬಂತಾ," ಎಂದರು. ನೇರ ಹಳೆಯ ಯಂತ್ರದ ಕೋಣೆಗೆ ಹೋದರು, ವನಿತಾ ಹಿಂದೆಯೇ ಹೋದಳು. ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು. ಪಟಕ್ಕೆ ಕೈ ಮುಗಿದು, ಸ್ಟೂಲ್ ಹತ್ತಿ, ಎರಡು ಸ್ಕ್ರೂ ಬಿಚ್ಚಿ ಟ್ಯೂಬನ್ನು ಪಟ್ಟಿಯ ಸಮೇತ ಕೆಳಗಿಳಿಸಿದರು. ಹೆಗಲ ಮೇಲಿನ ಟವೆಲಿನಿಂದ ಪಟ್ಟಿಯನ್ನು ತಿಕ್ಕಿದರು. ಹನ್ನೆರಡು ವರ್ಷದ ಊದುಬತ್ತಿಯ ಮಸಿ, ಕುಂಕುಮ, ಧೂಳು ಎಲ್ಲ ಪದರಪದರವಾಗಿ ಎದ್ದುಬಂತು. ಅದರ ಅಡಿಯಲ್ಲಿ ಕೆಂಪು ಬಣ್ಣದ ಅಕ್ಷರ, ನಮ್ಮ ಕಡೆಯ ಗುಡಿಗಳ ಪ್ರತಿ ಟ್ಯೂಬ್‌ಲೈಟಿನ ಮೇಲೂ ಇರುವಂಥದೇ:

'ಸೇವಾರ್ಥ: ಡಾ. ರಘುನಾಥ್ ಮತ್ತು ಕುಟುಂಬದವರು.'

ವನಿತಾ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಗಂಗಣ್ಣ, ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನಮ್ಮ? ಮಿಸಿನ್ ಪೂಜೆ ದಿನ ಸಾಹೇಬ್ರೇ ತಂದು ಸ್ವಿಚ್ ಒತ್ತಿದ್ರು. ಸ್ಟೂಲ್ ಇಡ್ಕಂಡಿದ್ದು ನಾನು. ಆಮೇಲೆ ಟ್ಯೂಬ್ ಓದಾಗೆಲ್ಲ ನಾನೇ ಬೇರೆ ತಂದು ಆಕ್ತಿದ್ದೆ. ಪಟ್ಟಿ ಅದೇಯ." ಪಟ್ಟಿಯನ್ನು ಮಗುವಿನ ಹಾಗೆ ತೋಳಿಗೊರಗಿಸಿಕೊಂಡರು. "ನಡೀರಿ."

ಈ ಸಲವೂ ಬಾಗಿಲು ತಟ್ಟಲಿಲ್ಲ. ಮುನಿಗಂಗಪ್ಪ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಗೆ ಕಾಫಿಯಿಲ್ಲದೆ ಹೋದರು. ಮೇಜಿನ ಮೇಲೆ ವನಿತಾಳ ಥೀಸಿಸ್ ಇತ್ತು. ಅದರ ಮೇಲೆ ಪಟ್ಟಿಯನ್ನಿಟ್ಟು, ಅಕ್ಷರಗಳು ಪ್ರೊಫೆಸರಿಗೆ ನೇರ ಕಾಣುವಂತೆ ತಿರುಗಿಸಿದರು.

"ಸಾರ್, ನಿಮ್ ದೀಪ."

ರಘುನಾಥ್ ಓದಿದರು. ಎಷ್ಟು ಸಲ ಓದಿದರೋ.

"ಇದು... ಮರೆತೇಹೋಗಿತ್ತು," ಎಂದರು ಕೊನೆಗೆ. ನಿಜವಾಗಿಯೂ ಮರೆತಿದ್ದರೇನೋ. ಮರೆಯುವುದು ಕೂಡ ಕೆಲವರಿಗೆ ಮಾತ್ರ ಸಿಕ್ಕ ಸವಲತ್ತು. "ಸರಿ. ಆ ವಾಕ್ಯ ತೆಗೀತೀನಿ. ನಾವು ಪರೀಕ್ಷಿಸಲಿಲ್ಲ ಅಂತ ಹಾಕ್ತೀನಿ. ಗಂಗಪ್ಪನ ಹೆಸರು ಎಲ್ಲೂ ಬರಲ್ಲ. ಆಯ್ತಾ?"

ವನಿತಾ ಆಯ್ತು ಅನ್ನುವುದರಲ್ಲಿದ್ದಳು.

"ಬ್ಯಾಡ ಸಾರ್," ಎಂದರು ಮುನಿಗಂಗಪ್ಪ. ದನಿ ಏರಿಸಲಿಲ್ಲ. "ನನ್ನೆಸ್ರು ತೆಗೀಬ್ಯಾಡಿ. ನನ್ ಕಲ್ಲು ಸರಿ ಇಲ್ಲ ಅಂದ್ರಿ, ಒಂದು ವರ್ಸದಿಂದ ಎಲ್ರ ಮುಂದೆ ಅಂತಾನೇ ಬಂದ್ರಿ. ಎಷ್ಟು ಗೆರೆ ಬರ್ಬೇಕೋ ಅಷ್ಟೇ ಬಂದೈತೆ, ಒಂದು ಎಚ್ಚಿಲ್ಲ, ಒಂದು ಕಮ್ಮಿ ಇಲ್ಲ ಅಂತ ಈ ಅಮ್ಮಣ್ಣಿ ಲೆಕ್ಕ ಆಕಿ ತೋರಿಸ್ತು. ಅದನ್ನ ಬರೀರಿ. ಕಲ್ಲು ಬೆಳೆಸ್ದೋನು ಇಂಥೋನು ಅಂತ ಪಕ್ಕದಲ್ಲಿ ಬರೀರಿ. ಎಸ್ರು ಅಲ್ಲಿ ಬರ್ಲಿ."

ಪ್ರೊಫೆಸರ್ ವನಿತಾಳ ಕಡೆ ನೋಡಿದರು, ನೀನಾದರೂ ಏನಾದರೂ ಹೇಳು ಎನ್ನುವಂತೆ. ವನಿತಾ ತಿದ್ದುಪಡಿಯ ಹಾಳೆಯನ್ನು ಅವರ ಕೀಬೋರ್ಡಿನ ಮೇಲಿಟ್ಟಳು.

"ಅದು ಬರೆದ್ಮೇಲೆ ನಂದು ಸೈನ್ ಸಾರ್," ಎಂದಳು. "ಅದಕ್ಕೆ ಮುಂಚೆ ಇಲ್ಲ."

ರಘುನಾಥ್ ಟೈಪ್ ಮಾಡಿದರು. ನಿಧಾನವಾಗಿ, ಎರಡು ಬೆರಳಲ್ಲಿ. ವನಿತಾ ಹಿಂದೆ ನಿಂತು ಒಂದೊಂದು ವಾಕ್ಯವನ್ನೂ ಮುನಿಗಂಗಪ್ಪನವರಿಗೆ ಕನ್ನಡದಲ್ಲಿ ಓದಿ ಹೇಳಿದಳು. ಹೆಸರು ಬಂದಾಗ ಅವರು ಬಗ್ಗಿ ಪರದೆಯನ್ನು ನೋಡಿ ಅಕ್ಷರಗಳನ್ನು ಬೆರಳಲ್ಲಿ ಎಣಿಸಿ "ಆ, ಸರಿಯಾಗೈತೆ" ಎಂದರು. ಹೊಸ ಪತ್ರ ಪ್ರಿಂಟಾಗಿ ಬಂದ ಮೇಲೆ ಅವಳು ಅದಕ್ಕೆ ಸಹಿ ಹಾಕಿ ಪೆನ್ನನ್ನು ಪ್ರೊಫೆಸರಿಗೆ ಕೊಟ್ಟಳು.

ಥೀಸಿಸ್ ಇನ್ನೂ ಆ ದೀಪದ ಅಡಿಯಲ್ಲೇ ಇತ್ತು. ರಘುನಾಥ್ ಅಭ್ಯಾಸಬಲದಿಂದ ಮುನಿಗಂಗಪ್ಪನವರ ಕಡೆ ಕತ್ತು ಆಡಿಸಿದರು, ಎತ್ತಿಡು ಎನ್ನುವಂತೆ. ಮುನಿಗಂಗಪ್ಪ ಕೈ ಕಟ್ಟಿಕೊಂಡು ನಿಂತರು. ವನಿತಾಳೂ ಕದಲಲಿಲ್ಲ.

ಕೊನೆಗೆ ಪ್ರೊಫೆಸರ್ ತಾವೇ ಎರಡು ಕೈಯಲ್ಲಿ ದೀಪವನ್ನು ಎತ್ತಿ ಪಕ್ಕಕ್ಕಿಟ್ಟರು. ಅಂಗಿಯ ತೋಳಿಗೆ ಮಸಿ ಮೆತ್ತಿತು. ಆಮೇಲೆ ಥೀಸಿಸ್ಸಿಗೆ ಸಹಿ ಹಾಕಿದರು.